ಇಂಟರ್ನೆಟ್ ತಂತಿಯಲ್ಲಿ ಮೆಟ್ಟಿಲ ದೀಪ

ಡೊಂಬಿವಲಿ, ಕಲ್ಯಾಣ, ಠಾಣೆಯ ಹಳೆಯ ನಾಲ್ಕು ಮಹಡಿಯ ಕಟ್ಟಡಗಳಲ್ಲಿ ಮೆಟ್ಟಿಲು ಹತ್ತುವಾಗ ಗೋಡೆಯ ಮೂಲೆ ನೋಡಿ. ಬೂದು, ನೀಲಿ, ಕಪ್ಪು ಬಣ್ಣದ ತಂತಿಗಳ ಒಂದು ಕಟ್ಟು ಮೀಟರ್ ಬಾಕ್ಸಿನ ಪಕ್ಕದಿಂದ ಹೊರಟು ಟೆರೇಸಿನವರೆಗೆ ಹೋಗಿರುತ್ತದೆ. ಒಂದು ಕಾಲದಲ್ಲಿ ಮನೆಮನೆಗೆ ಇಂಟರ್ನೆಟ್ ತಂದುಕೊಟ್ಟ ಲ್ಯಾನ್ ಕೇಬಲ್‌ಗಳು ಇವು. ಟಿವಿಯ ಕೇಬಲ್‌ವಾಲಾಗಳೇ ಇಂಟರ್ನೆಟ್ಟನ್ನೂ ಕೊಡಲು ಶುರುಮಾಡಿದಾಗ ಕಟ್ಟಡದಿಂದ ಕಟ್ಟಡಕ್ಕೆ ತಂತಿ ಎಳೆದರು. ಟೆರೇಸಿನ ಮೇಲೊಂದು ತಗಡಿನ ಪೆಟ್ಟಿಗೆಯಲ್ಲಿ ಇಂಟರ್ನೆಟ್ ಹಂಚುವ ಸ್ವಿಚ್ ಇಟ್ಟು, ಅಲ್ಲಿಂದ ಒಂದೊಂದು ಮನೆಗೆ ಒಂದೊಂದು ತಂತಿ ಇಳಿಸಿದರು. ಈಗ ಕೂದಲೆಳೆಯಷ್ಟು ತೆಳ್ಳಗಿನ ಫೈಬರ್ ಬಂದಿದೆ. ಹಳೆಯ ತಂತಿಗಳಲ್ಲಿ ಕೆಲವು ಸಿಸಿಟಿವಿ ಕ್ಯಾಮೆರಾಗಳಿಗೆ ಬಳಕೆಯಾಗುತ್ತಿವೆ. ಬಹುಪಾಲು ಎರಡೂ ತುದಿ ಬಿಚ್ಚಿಕೊಂಡು ಸುಮ್ಮನೆ ಬಿದ್ದಿವೆ. ಬಣ್ಣ ಬಳಿಸುವ ವರ್ಷ ಬಂದಾಗ ಗುತ್ತಿಗೆದಾರನ ಜನ ಅವನ್ನು ಕತ್ತರಿಸಿ ಗುಜರಿಗೆ ಹಾಕುತ್ತಾರೆ.

ಈ ತಂತಿಯಲ್ಲಿ ದೀಪ ಉರಿಸಬಹುದು. ಮೆಟ್ಟಿಲಿಗೆ, ಗೇಟಿಗೆ, ವಾಚ್‌ಮನ್ ಕೂರುವ ಜಾಗಕ್ಕೆ, ಪಂಪ್ ರೂಮಿಗೆ ಸಾಕಾಗುವಷ್ಟು ಬೆಳಕನ್ನು ಇದು ಧಾರಾಳವಾಗಿ ಹೊರುತ್ತದೆ. ಕರೆಂಟ್ ಹೋದಾಗಲೂ ಉರಿಯುವ ಹಾಗೆ ಮಾಡುವುದು ಇದರಲ್ಲಿ ಇನ್ನೂ ಸುಲಭ. ಸೊಸೈಟಿಯ ಕಮಿಟಿಯಲ್ಲಿರುವ ಕನ್ನಡಿಗರು ನಮ್ಮಲ್ಲಿ ಕಡಿಮೆಯೇನಿಲ್ಲ, ಹೋಟೆಲು, ಅಂಗಡಿ ನಡೆಸುವವರಂತೂ ಬಹಳ. ಅವರೆಲ್ಲರಿಗೆ ಉಪಯೋಗವಾಗಲೆಂದು ಇದರ ಒಳಹೊರಗನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಲ್ಯಾನ್ ಕೇಬಲಿನಲ್ಲಿ ಕರೆಂಟ್ ಹರಿಸುವುದು ನಮ್ಮ ಊರುಗಳಿಗೆ ಹೊಸದಲ್ಲ. ಟೆರೇಸಿನ ಪೆಟ್ಟಿಗೆಯೊಳಗಿನ ಸ್ವಿಚ್ಚಿಗೆ ವಿದ್ಯುತ್ ಎಲ್ಲಿಂದ ಬರುತ್ತಿತ್ತು? ಟೆರೇಸಿನಲ್ಲಿ ಪ್ಲಗ್ ಪಾಯಿಂಟ್ ಇರುವುದಿಲ್ಲ, ಹೊಸ ಮೀಟರ್ ಪಡೆಯುವುದು ದೊಡ್ಡ ತಾಪತ್ರಯ. ಕೇಬಲ್‌ವಾಲಾಗಳು ಕಂಡುಕೊಂಡ ದಾರಿ ಹೀಗಿತ್ತು: ಯಾರಾದರೂ ಒಬ್ಬ ಗ್ರಾಹಕರ ಮನೆಯಲ್ಲಿ ಒಂದು ಸಣ್ಣ ಅಡಾಪ್ಟರ್ ಇಡುವುದು, ಆ ಮನೆಗೆ ಇಳಿದ ಲ್ಯಾನ್ ಕೇಬಲಿನ ಮೂಲಕವೇ ವಿದ್ಯುತ್ತನ್ನು ಮೇಲಕ್ಕೆ ಹತ್ತಿಸುವುದು. ಇಂಟರ್ನೆಟ್ ಕೆಳಗಿಳಿಯುತ್ತಿತ್ತು, ಕರೆಂಟ್ ಮೇಲೇರುತ್ತಿತ್ತು, ಎರಡೂ ಒಂದೇ ತಂತಿಯಲ್ಲಿ. ಜಾಲದ ತಂತಿಯಲ್ಲೇ ವಿದ್ಯುತ್ ಕೊಡುವುದಕ್ಕೆ ಪಿಒಇ (ಪವರ್ ಓವರ್ ಈಥರ್ನೆಟ್) ಎಂದು ಹೆಸರು; ವ್ಯಾಪಾರದ ಮಾತಿನಲ್ಲಿ ಇದಕ್ಕೆ ರಿವರ್ಸ್ ಪಿಒಇ ಎನ್ನುತ್ತಾರೆ. ಎರಡು ಮೂರು ಮನೆಗಳಿಂದ ಹೀಗೆ ಹತ್ತಿಸಿಟ್ಟರೆ ಒಬ್ಬರು ಬೀಗ ಹಾಕಿ ಊರಿಗೆ ಹೋದರೂ ಸ್ವಿಚ್ ನಿಲ್ಲುತ್ತಿರಲಿಲ್ಲ. ಪುಸ್ತಕ ಓದಿ ಕಲಿತದ್ದಲ್ಲ ಇದು, ಕೆಲಸ ಕಲಿಸಿದ್ದು. ಆ ಹುಡುಗರ ಜಾಣತನಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಇದು ಸಾಧ್ಯವಾದದ್ದು ತಂತಿಯ ಒಳಗಿನ ರಚನೆಯಿಂದ. ಕೇಬಲಿನ ಸಿಪ್ಪೆ ಸುಲಿದರೆ ಎಂಟು ಸಣ್ಣ ತಂತಿಗಳು ಸಿಗುತ್ತವೆ, ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿಗಳು ಸಾಕು. ನೀಲಿ, ಕಂದು ಜೋಡಿಗಳಿಗೆ ಕೆಲಸವಿರುವುದಿಲ್ಲ. ಕೇಬಲ್‌ವಾಲಾ ವಿದ್ಯುತ್ ಹರಿಸಿದ್ದು ಅವುಗಳಲ್ಲಿ. ನಾಲ್ಕೂ ಜೋಡಿಗಳು ಮಾಹಿತಿ ಸಾಗಿಸುವ ಗಿಗಾಬಿಟ್ ಸಂಪರ್ಕದಲ್ಲೂ ವಿದ್ಯುತ್ ಹರಿಸಬಹುದು. ಮಾಹಿತಿಯ ಅಲೆಗಳು ಟ್ರಾನ್ಸ್‌ಫಾರ್ಮರ್ ದಾಟಿ ಹೋಗುತ್ತವೆ, ಡಿಸಿ ವಿದ್ಯುತ್ ಆ ಟ್ರಾನ್ಸ್‌ಫಾರ್ಮರಿನ ಸುರುಳಿಯ ನಡುಬಿಂದುವಿನಿಂದ ಒಳಬಂದು ಹೊರಹೋಗುತ್ತದೆ. ಒಂದರಿಂದ ಇನ್ನೊಂದಕ್ಕೆ ತೊಂದರೆಯಿಲ್ಲ.

ಇದಕ್ಕೂ ಹಿಂದೆ ಹೋದರೆ ನಮ್ಮೆಲ್ಲರ ಮನೆಯಲ್ಲಿದ್ದ ಲ್ಯಾಂಡ್‌ಲೈನ್ ಫೋನ್ ಇದೆ. ಕಲ್ಯಾಣ-ಡೊಂಬಿವಲಿಯಲ್ಲಿ 0251 ಸಂಕೇತದ ಬಿಎಸ್‌ಎನ್‌ಎಲ್, ಠಾಣೆ-ನವಿಮುಂಬೈಯಲ್ಲಿ ಎಂಟಿಎನ್‌ಎಲ್. 2005ರ ಆಚೀಚೆಗೆ ಲೋಡ್ ಶೆಡ್ಡಿಂಗ್ ದಿನಕ್ಕೆ ಗಂಟೆಗಟ್ಟಲೆ ನಡೆಯುತ್ತಿದ್ದಾಗಲೂ ಆ ಫೋನು ಸಾಯುತ್ತಿರಲಿಲ್ಲ ಎಂಬುದು ಹಲವರಿಗೆ ನೆನಪಿರಬಹುದು. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಿಂದ 48 ವೋಲ್ಟ್ ಡಿಸಿ ವಿದ್ಯುತ್ತು ಮಾತಿನ ಜೊತೆಗೇ ಅದೇ ಎರಡೆಳೆ ತಂತಿಯಲ್ಲಿ ಮನೆಗೆ ಬರುತ್ತಿದ್ದುದೇ ಕಾರಣ. ಈ 48 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಅದರ ಸುತ್ತಲೇ ಇದೆ.

ಕಂಪ್ಯೂಟರ್ ಜಾಲದ ತಂತಿಯಲ್ಲಿ ವಿದ್ಯುತ್ ಕೊಡುವುದಕ್ಕೆ ಅಂತಾರಾಷ್ಟ್ರೀಯ ನಿಯಮ ಬಂದದ್ದು 2003ರಲ್ಲಿ. ಐಇಇಇ ಸಂಸ್ಥೆಯ 802.3ಎಎಫ್ ಎಂಬ ಆ ಮಾನದಂಡದ ಪ್ರಕಾರ ಸ್ವಿಚ್ಚಿನಿಂದ ಹೊರಡುವುದು 15.4 ವ್ಯಾಟ್, ನೂರು ಮೀಟರ್ ದಾಟಿ ಆ ತುದಿಯ ಸಾಧನಕ್ಕೆ ಖಾತ್ರಿಯಾಗಿ ಸಿಗುವುದು 12.95 ವ್ಯಾಟ್. ಕಚೇರಿಯ ಐಪಿ ಫೋನು, ವೈಫೈ ಪೆಟ್ಟಿಗೆ, ಕ್ಯಾಮೆರಾಗಳಿಗಾಗಿ ಮಾಡಿದ್ದು ಅದು. ದೀಪ ಯಾರ ತಲೆಯಲ್ಲೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಆಗ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದುದು 60 ವ್ಯಾಟಿನ ಬಲ್ಬು, 40 ವ್ಯಾಟಿನ ಟ್ಯೂಬ್‌ಲೈಟು. 13 ವ್ಯಾಟಿನಲ್ಲಿ ಏನು ಬೆಳಗೀತು? 2009ರಲ್ಲಿ ಸ್ವಿಚ್ಚಿನ ಮಿತಿ 30 ವ್ಯಾಟಿಗೆ ಏರಿತು, 2018ರಲ್ಲಿ 90 ವ್ಯಾಟಿಗೆ. ಇತ್ತ ದೀಪದ ಕಡೆಯಿಂದ ಎಲ್‌ಇಡಿ ಬಂತು. ಕೇಂದ್ರ ಸರ್ಕಾರದ ಉಜಾಲಾ ಯೋಜನೆ 2015ರ ಜನವರಿಯಲ್ಲಿ ಆರಂಭವಾದ ಮೇಲಂತೂ 9 ವ್ಯಾಟಿನ ಬಲ್ಬು ಮನೆಮಾತಾಯಿತು. ಹಳೆಯ 60 ವ್ಯಾಟಿನ ಬಲ್ಬಿನ ಬೆಳಕು ಅದರಲ್ಲಿ ಬರುತ್ತದೆ. ತಂತಿಯ ಶಕ್ತಿ ಮೇಲೇರುತ್ತ, ದೀಪದ ಹಸಿವು ಕೆಳಗಿಳಿಯುತ್ತ ಎರಡೂ ಒಂದೆಡೆ ಕೂಡಿದವು. ಮೆಟ್ಟಿಲಿನ ಒಂದು ತಿರುವಿಗೆ 5 ವ್ಯಾಟಿನ ಎಲ್‌ಇಡಿ ಬೇಕಾದಷ್ಟಾಯಿತು. 2003ರ ಹಳೆಯ ನಿಯಮದ ಸ್ವಿಚ್ಚಿಗೂ ಅದು ಏನೇನೂ ಭಾರವಲ್ಲ.

ಹಾಗಿದ್ದ ಮೇಲೆ ತೊಂದರೆ ಎಲ್ಲಿ? ಬಹಳ ಜನ ಮಾಡುವುದು ಹೀಗೆ. ಲ್ಯಾಮಿಂಗ್ಟನ್ ರಸ್ತೆಯಿಂದಲೋ ಲೋಹಾರ್ ಚಾಳದಿಂದಲೋ 12 ವೋಲ್ಟಿನ ಎಲ್‌ಇಡಿ ಪಟ್ಟಿ ತರುತ್ತಾರೆ, 12 ವೋಲ್ಟಿನ ಅಡಾಪ್ಟರ್ ತರುತ್ತಾರೆ, ನಡುವೆ ಖಾಲಿ ಬಿದ್ದ ಲ್ಯಾನ್ ಕೇಬಲಿನ ಒಂದು ಜೋಡಿಯನ್ನು ಸೇರಿಸುತ್ತಾರೆ. ಮೇಜಿನ ಮೇಲೆ ಝಗಝಗಿಸಿದ ದೀಪ ನಾಲ್ಕನೆಯ ಮಹಡಿಯಲ್ಲಿ ಮಿಣುಕುತ್ತದೆ. ದೀಪ ಕೆಟ್ಟದ್ದು ಎಂದು ಬದಲಾಯಿಸುತ್ತಾರೆ, ಅಡಾಪ್ಟರ್ ಸಾಲದು ಎಂದು ದೊಡ್ಡದು ತರುತ್ತಾರೆ, ಮಿಣುಕು ಹೋಗುವುದಿಲ್ಲ. ದೀಪದ್ದೂ ಅಡಾಪ್ಟರಿನದೂ ತಪ್ಪಿಲ್ಲ. ವೋಲ್ಟೇಜ್ ದಾರಿಯಲ್ಲೇ ಖರ್ಚಾಗುತ್ತಿದೆ.

ಲೆಕ್ಕ ಹಾಕಿ ನೋಡೋಣ. ಕ್ಯಾಟ್-5ಇ ಕೇಬಲಿನ ಒಂದು ಎಳೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅದರ ಅಡ್ಡಕೊಯ್ತ 0.2 ಚದರ ಮಿಲಿಮೀಟರ್, ಮನೆಯ ದೀಪದ ವೈರಿಂಗಿಗೆ ಹಾಕುವ 1.5 ಚದರ ಮಿಲಿಮೀಟರ್ ತಂತಿಯ ಸುಮಾರು ಏಳನೆಯ ಒಂದು ಪಾಲು. ಅಪ್ಪಟ ತಾಮ್ರದ್ದಾದರೆ ನೂರು ಮೀಟರಿಗೆ ಹೆಚ್ಚುಕಡಿಮೆ 8.4 ಓಮ್ ರೋಧ ಇರುತ್ತದೆ. ಕೆಳಗಿನಿಂದ ನಾಲ್ಕನೆಯ ಮಹಡಿಗೆ ತಿರುವುಮುರುವು ಸೇರಿ 30 ಮೀಟರ್ ಎಂದುಕೊಳ್ಳಿ. ವಿದ್ಯುತ್ತು ಹೋಗಿ ಹಿಂದಿರುಗಬೇಕು, ಹಾಗಾಗಿ 60 ಮೀಟರ್, ಅಂದರೆ 5 ಓಮ್. 12 ವ್ಯಾಟಿನ ದೀಪಕ್ಕೆ 12 ವೋಲ್ಟಿನಲ್ಲಿ ಒಂದು ಆಂಪಿಯರ್ ಬೇಕು. ಒಂದು ಆಂಪಿಯರ್ 5 ಓಮ್ ದಾಟಿದರೆ 5 ವೋಲ್ಟ್ ಕಳೆದುಹೋಗುತ್ತದೆ, ದೀಪಕ್ಕೆ ಉಳಿಯುವುದು ಏಳು. 12 ವೋಲ್ಟಿನ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿಗಳು ಸಾಲಾಗಿ ಕೂತಿರುತ್ತವೆ, ಒಂದೊಂದಕ್ಕೆ 3 ವೋಲ್ಟ್ ಹತ್ತಿರ ಬೇಕು. ವಾಸ್ತವದಲ್ಲಿ ವೋಲ್ಟೇಜ್ ಇಳಿದ ಹಾಗೆ ದೀಪ ಎಳೆಯುವ ಕರೆಂಟೂ ಇಳಿಯುವುದರಿಂದ ಪೂರ್ತಿ ಆರದೆ ಮಂಕಾಗಿ ನಿಲ್ಲುತ್ತದೆ, ಅಷ್ಟೆ.

ಅದೇ 12 ವ್ಯಾಟನ್ನು 48 ವೋಲ್ಟಿನಲ್ಲಿ ಕಳಿಸಿದರೆ ಬೇಕಾಗುವುದು ಕಾಲು ಆಂಪಿಯರ್. ಅದೇ ತಂತಿಯಲ್ಲಿ ಕಳೆಯುವುದು ಒಂದೂಕಾಲು ವೋಲ್ಟ್, ಅದೂ 48ರಲ್ಲಿ. ಶಾಖವಾಗಿ ಪೋಲಾಗುವ ವಿದ್ಯುತ್ತು ಮೊದಲಿನ ಲೆಕ್ಕದಲ್ಲಿ 5 ವ್ಯಾಟ್ ಇತ್ತು, ಈಗ ವ್ಯಾಟಿನ ಮೂರನೆಯ ಒಂದು ಪಾಲೂ ಇಲ್ಲ. ವೋಲ್ಟೇಜ್ ನಾಲ್ಕು ಪಟ್ಟು ಏರಿಸಿದರೆ ನಷ್ಟ ಹದಿನಾರನೆಯ ಒಂದಂಶಕ್ಕೆ ಇಳಿಯುತ್ತದೆ.

ದಿನವೂ ಲೋಕಲ್ ಹತ್ತುವ ನಮಗೆ ಇದರ ದೊಡ್ಡ ರೂಪ ತಲೆಯ ಮೇಲೇ ಇದೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1,500 ವೋಲ್ಟ್ ಡಿಸಿಯಲ್ಲಿ. ಆ ವೋಲ್ಟೇಜಿನಲ್ಲಿ ರೈಲು ಎಳೆಯಲು ಭಾರೀ ಕರೆಂಟ್ ಬೇಕು, ಅದಕ್ಕೆ ದಪ್ಪ ತಂತಿ ಬೇಕು, ಕೆಲವೇ ಕಿಲೋಮೀಟರಿಗೊಂದು ಸಬ್‌ಸ್ಟೇಷನ್ ಬೇಕು. ರೈಲುಗಳು ಉದ್ದವಾಗಿ, ಒಂದರ ಹಿಂದೊಂದು ಓಡತೊಡಗಿದ ಮೇಲೆ ಅದು ಸಾಲದಾಯಿತು. ಹಂತಹಂತವಾಗಿ ನಮ್ಮ ಕಲ್ಯಾಣ-ಠಾಣೆ ಮಾರ್ಗವನ್ನೂ ಸೇರಿಸಿ ಸೆಂಟ್ರಲ್ ರೈಲ್ವೆಯ ಇಡೀ ಉಪನಗರ ಜಾಲವನ್ನು 25,000 ವೋಲ್ಟ್ ಎಸಿಗೆ ಬದಲಿಸಿದರು. 2016ರಲ್ಲಿ ಹಾರ್ಬರ್ ಮಾರ್ಗದೊಂದಿಗೆ ಆ ಕೆಲಸ ಮುಗಿಯಿತು. ರೈಲ್ವೆ ಎಂಜಿನಿಯರರು ಮಾಡಿದ್ದನ್ನೇ ನಾವು ಮೆಟ್ಟಿಲ ದೀಪಕ್ಕೆ ಮಾಡಬೇಕು: ದಾರಿಯಲ್ಲಿ ಹೆಚ್ಚು ವೋಲ್ಟ್ ಇರಲಿ, ಬಳಸುವ ಜಾಗದಲ್ಲಿ ಇಳಿಸಿಕೊಳ್ಳೋಣ.

ಹಾಗೆ ಇಳಿಸುವುದಕ್ಕೆ ಪಿಒಇ ಸ್ಪ್ಲಿಟರ್ ಎಂಬ ಬೆಂಕಿಪೊಟ್ಟಣ ಗಾತ್ರದ ಸಾಧನ ಸಿಗುತ್ತದೆ. ಒಂದು ಕಡೆ ಲ್ಯಾನ್ ಕೇಬಲ್ ಚುಚ್ಚಿದರೆ ಇನ್ನೊಂದು ಕಡೆ 12 ವೋಲ್ಟ್ ಹೊರಬರುತ್ತದೆ. ಕೆಳಗೆ ಎಂಟು ಕಿಂಡಿಯ ಒಂದು ಪಿಒಇ ಸ್ವಿಚ್, ಪ್ರತಿ ದೀಪಕ್ಕೆ ಒಂದು ಕೇಬಲ್, ಪ್ರತಿ ಕೇಬಲಿನ ತುದಿಗೆ ಒಂದು ಸ್ಪ್ಲಿಟರ್, ಅದಕ್ಕೊಂದು 12 ವೋಲ್ಟಿನ ಎಲ್‌ಇಡಿ. ಏರ್ಪಾಡು ಇಷ್ಟೇ. ಸ್ವಿಚ್ ಕೊಳ್ಳುವಾಗ ಕಿಂಡಿಗಳ ಸಂಖ್ಯೆಯ ಜೊತೆಗೆ ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಎಂಬುದನ್ನೂ ನೋಡಿ. ಎಂಟು ಕಿಂಡಿ ಇದ್ದ ಮಾತ್ರಕ್ಕೆ ಎಂಟಕ್ಕೂ ಪೂರ್ತಿ ಶಕ್ತಿ ಕೊಡುವ ತಾಕತ್ತು ಅಗ್ಗದ ಸ್ವಿಚ್ಚುಗಳಿಗೆ ಇರುವುದಿಲ್ಲ.

ಮಾನದಂಡದ ಪ್ರಕಾರ ಮಾಡಿದ ಸ್ವಿಚ್ಚಿನಲ್ಲಿ ನನಗೆ ಬಹಳ ಹಿಡಿಸಿದ ಒಂದು ಗುಣವಿದೆ. ಅದು ಕೇಳದೆ ವಿದ್ಯುತ್ ಕೊಡುವುದಿಲ್ಲ. ತಂತಿ ಚುಚ್ಚಿದ ಕೂಡಲೇ ಹತ್ತು ವೋಲ್ಟಿನ ಒಳಗಿನ ಸಣ್ಣ ವೋಲ್ಟೇಜ್ ಹಾಕಿ ಆ ತುದಿಯಲ್ಲಿ 25,000 ಓಮ್ ರೋಧ ಇದೆಯೇ ಎಂದು ನೋಡುತ್ತದೆ. ತಂತಿಯಲ್ಲಿ ವಿದ್ಯುತ್ ಪಡೆಯಲು ತಯಾರಾದ ಸಾಧನಗಳಲ್ಲಿ ಮಾತ್ರ ಆ ಗುರುತು ಇರುತ್ತದೆ. ಸಿಕ್ಕಿದರೆ ಎಷ್ಟು ಬೇಕೆಂದು ವರ್ಗ ತಿಳಿದುಕೊಂಡು ಆಮೇಲೆ ಪೂರ್ತಿ ವೋಲ್ಟೇಜ್ ಬಿಡುತ್ತದೆ. ತಂತಿ ಕಿತ್ತರೆ ಕ್ಷಣಾರ್ಧದಲ್ಲಿ ನಿಲ್ಲಿಸುತ್ತದೆ. ಎಳೆಗಳು ಒಂದಕ್ಕೊಂದು ತಗುಲಿದರೂ ನಿಲ್ಲಿಸುತ್ತದೆ. ಇಲಿ ಕಡಿಯುವ, ಮಕ್ಕಳು ಕೈಹಾಕುವ, ಪೇಂಟರ್ ಕತ್ತಿ ಆಡಿಸುವ ಮೆಟ್ಟಿಲಲ್ಲಿ ಇಂಥ ಎಚ್ಚರ ಬಹಳ ಬೆಲೆಯುಳ್ಳದ್ದು.

ಕೇಬಲ್‌ವಾಲಾಗಳು ಬಳಸಿದ ಅಗ್ಗದ ಇಂಜೆಕ್ಟರಿಗೆ, ಅಂದರೆ ತಂತಿಗೆ ವಿದ್ಯುತ್ ಸೇರಿಸುವ ಸಾಧನಕ್ಕೆ, ಈ ವಿವೇಕ ಇಲ್ಲ. ಅದು ನೀಲಿ, ಕಂದು ಜೋಡಿಗಳಿಗೆ ಸದಾ ವೋಲ್ಟೇಜ್ ಹಾಕಿಯೇ ಇರುತ್ತದೆ. ಆ ತಂತಿಯನ್ನು ಯಾರಾದರೂ ತಿಳಿಯದೆ ಲ್ಯಾಪ್‌ಟಾಪಿಗೋ ಟಿವಿಗೋ ಚುಚ್ಚಿದರೆ ಆ ಕಿಂಡಿ ಸುಟ್ಟುಹೋಗಬಹುದು. ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಹತ್ತಾರು ಜನ ಓಡಾಡುವ ಕಟ್ಟಡಕ್ಕೆ ಕಣ್ಣುಮುಚ್ಚಿ ವಿದ್ಯುತ್ ಸುರಿಯುವ ಇಂಜೆಕ್ಟರ್ ಬೇಡ. 802.3ಎಎಫ್ ಅಥವಾ ಅದರ ಮುಂದಿನ ಮಾನದಂಡದ ಹೆಸರು ಮುದ್ರಿಸಿರುವ ಸ್ವಿಚ್ಚನ್ನೇ ತನ್ನಿ. ಬೆಲೆ ಒಂದಿಷ್ಟು ಹೆಚ್ಚಾದರೂ ಕೊಡಿ.

ಕರೆಂಟ್ ಹೋದಾಗಿನ ಮಾತಿಗೆ ಬರುತ್ತೇನೆ. ಈ ಏರ್ಪಾಡಿನ ನಿಜವಾದ ಲಾಭ ಇಲ್ಲಿದೆ ಎಂದು ನಾನು ನಂಬಿದ್ದೇನೆ. 2020ರ ಅಕ್ಟೋಬರ್ 12, ಸೋಮವಾರ ಬೆಳಗ್ಗೆ ಹತ್ತರ ಹೊತ್ತಿಗೆ ಠಾಣೆಯ ಕಳವಾ ಮತ್ತು ಪಡಘಾ ನಡುವಿನ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಆದ ವ್ಯತ್ಯಯದಿಂದ ಮುಂಬೈ, ಠಾಣೆ, ನವಿಮುಂಬೈಗಳ ಬಹುಭಾಗ ಒಮ್ಮೆಗೇ ಕತ್ತಲಾಯಿತು. ಲೋಕಲ್‌ಗಳು ಹಳಿಯ ಮೇಲೆ ನಿಂತವು. ಕೊರೋನಾ ಕಾಲ ಅದು. ಮನೆಯಿಂದಲೇ ಕೆಲಸ, ಮನೆಯಿಂದಲೇ ಪಾಠ. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಜೀವ ಇದ್ದರೂ ರೌಟರ್ ಸತ್ತಿತ್ತು. ಒಳಗಿನ ಮೆಟ್ಟಿಲುಗಳಲ್ಲಿ ಹಗಲಲ್ಲೇ ಮೊಬೈಲ್ ಟಾರ್ಚ್ ಹಿಡಿದು ಮುದುಕರು ಇಳಿದರು. ಅಂಥ ದೊಡ್ಡ ಕತ್ತಲೆ ಅಪರೂಪ, ಒಪ್ಪುತ್ತೇನೆ. ಆದರೆ ಮಳೆಗಾಲದಲ್ಲಿ ಮರ ಬಿದ್ದೋ ಕೇಬಲಿಗೆ ನೀರು ಹೊಕ್ಕೋ ಗಂಟೆ ಎರಡು ಗಂಟೆ ಮಹಾವಿತರಣದ ಕರೆಂಟ್ ಹೋಗುವುದು ಕಲ್ಯಾಣ-ಡೊಂಬಿವಲಿಯವರಿಗೆ ಗೊತ್ತಿಲ್ಲದ್ದಲ್ಲ. ರಾತ್ರಿ ಪಾಳಿ ಮುಗಿಸಿ, ಹೋಟೆಲು ಮುಚ್ಚಿ ಕೊನೆಯ ಲೋಕಲಿನಲ್ಲಿ ಬರುವವರು ಕತ್ತಲ ಮೆಟ್ಟಿಲು ಹತ್ತುತ್ತಾರೆ.

230 ವೋಲ್ಟಿನ ಮೆಟ್ಟಿಲ ದೀಪಗಳಿಗೆ ಬ್ಯಾಕಪ್ ಕೊಡಬೇಕಾದರೆ ಇನ್ವರ್ಟರ್ ಬೇಕು, ಕಾಮನ್ ಮೀಟರಿನ ವೈರಿಂಗ್ ಬೇರ್ಪಡಿಸಬೇಕು. ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿ, ಆ ಎಸಿಯನ್ನು ಬಲ್ಬಿನೊಳಗೆ ಮತ್ತೆ ಡಿಸಿ ಮಾಡಬೇಕು. ಲ್ಯಾನ್ ತಂತಿಯ ದೀಪಗಳಿಗೆ ಒಂದೇ ಕಡೆ, ಕೆಳಗಿನ ಸ್ವಿಚ್ಚಿನ ಬಳಿ ಬ್ಯಾಟರಿ ಇಟ್ಟರೆ ಸಾಕು. 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಜೋಡಿಸಿದರೆ 48. ಇಲ್ಲೊಂದು ಅನುಕೂಲ ತಾನಾಗಿಯೇ ಕೂಡಿಬಂದಿದೆ. 802.3ಎಎಫ್ ಒಪ್ಪುವ ವೋಲ್ಟೇಜ್ 44ರಿಂದ 57. ನಾಲ್ಕು ಲೆಡ್-ಆಸಿಡ್ ಬ್ಯಾಟರಿ ಚಾರ್ಜಾಗಿ ನಿಂತಾಗ ಸುಮಾರು 54 ವೋಲ್ಟ್, ತೀರಾ ಬರಿದಾಗುವುದಕ್ಕೆ ಮೊದಲು 44. ಆ ಗೆರೆಯಲ್ಲಿ ದೀಪ ನಿಂತರೆ ಬ್ಯಾಟರಿಯ ಆಯುಷ್ಯವೂ ಉಳಿಯುತ್ತದೆ.

ಸ್ಕೂಟರಿನ ಬ್ಯಾಟರಿಯಷ್ಟೇ ಇರುವ 7 ಆಂಪಿಯರ್-ಗಂಟೆಯ ನಾಲ್ಕು ಬ್ಯಾಟರಿಗಳಲ್ಲಿ ಹೆಸರಿಗೆ 336 ವ್ಯಾಟ್-ಗಂಟೆ ಶಕ್ತಿ. ಎಂಟು ದೀಪಕ್ಕೆ ನಾಲ್ಕು ನಾಲ್ಕು ವ್ಯಾಟ್, ಸ್ವಿಚ್ಚಿನ ಸ್ವಂತ ಖರ್ಚು, ಸ್ಪ್ಲಿಟರಿನ ನಷ್ಟ ಎಲ್ಲ ಸೇರಿ 45 ವ್ಯಾಟ್ ಎಂದು ಹಿಡಿದು, ಬ್ಯಾಟರಿಯನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹಿಂಡಬಾರದೆಂದು ಲೆಕ್ಕ ಹಾಕಿದರೂ ಸುಮಾರು ಐದು ಗಂಟೆಯ ಬೆಳಕು ಸಿಗುತ್ತದೆ. ಅದೇ ಸ್ವಿಚ್ಚಿನಿಂದ ಗೇಟಿನ ಕ್ಯಾಮೆರಾ ನಡೆಸಿದರೆ ಕತ್ತಲಲ್ಲಿ ಕ್ಯಾಮೆರಾ ಕುರುಡಾಗುವುದೂ ತಪ್ಪುತ್ತದೆ. ಬ್ಯಾಟರಿಯನ್ನು ಅಡಾಪ್ಟರಿಗೆ ನೇರ ಕಟ್ಟಬೇಡಿ. ಚಾರ್ಜ್ ನಿಯಂತ್ರಿಸುವ 48 ವೋಲ್ಟಿನ ಡಿಸಿ ಯುಪಿಎಸ್ ಬೇಕು, ಬ್ಯಾಟರಿಯ ಕಾಲಿಗೇ ಫ್ಯೂಸ್ ಬೇಕು, ಸ್ವಿಚ್ಚಿನ ಲೇಬಲಿನಲ್ಲಿ ಎಷ್ಟರಿಂದ ಎಷ್ಟು ವೋಲ್ಟ್ ತಾಳುತ್ತದೆಂದು ಓದಬೇಕು. ಲ್ಯಾನ್ ತಂತಿಯಲ್ಲಿ ಹರಿಯುವ ಕರೆಂಟ್ ಸಣ್ಣದು, ಆದರೆ ಬ್ಯಾಟರಿಯ ಎರಡು ಕಾಲು ನೇರ ತಗುಲಿದರೆ ಬೆಂಕಿ ಹತ್ತಲು ಕ್ಷಣ ಸಾಕು.

ಊರಿನ ನೆನಪಿರುವವರಿಗೆ ಸೆಲ್ಕೋ ದೀಪಗಳು ಗೊತ್ತಿರುತ್ತವೆ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸಂಸ್ಥೆ ಅದು. ಕರಾವಳಿ, ಮಲೆನಾಡಿನ ಒಂಟಿಮನೆಗಳಿಗೆ ಸೋಲಾರ್ ಹಲಗೆ, ಒಂದು ಬ್ಯಾಟರಿ, ನಾಲ್ಕೈದು ದೀಪ ಕೊಟ್ಟು ಕತ್ತಲೆ ಕಳೆದರು. ಅವು 12 ವೋಲ್ಟಿನ ದೀಪಗಳು. ಒಂದೇ ಮನೆಯೊಳಗೆ ಐದಾರು ಮೀಟರ್ ದೂರಕ್ಕೆ 12 ವೋಲ್ಟ್ ಸರಿಹೋಗುತ್ತದೆ, ತಂತಿಯೂ ಲ್ಯಾನ್ ಎಳೆಗಿಂತ ದಪ್ಪ ಇರುತ್ತದೆ. ನಾಲ್ಕು ಮಹಡಿಯ ಕಟ್ಟಡಕ್ಕೆ ಅದೇ ಲೆಕ್ಕ ಹಿಡಿದರೆ ಕೆಲಸ ಕೆಡುತ್ತದೆ. ಮದ್ರಾಸ್ ಐಐಟಿಯಲ್ಲಿ ಅಶೋಕ್ ಝುಂಝುನ್‌ವಾಲಾ ಅವರ ತಂಡ ಮನೆಗಳಿಗಾಗಿ ಆರಿಸಿಕೊಂಡದ್ದು 48 ವೋಲ್ಟ್ ಡಿಸಿಯನ್ನು. 2017ರಲ್ಲಿ ಭಾರತೀಯ ಮಾನಕ ಬ್ಯೂರೋ 48 ವೋಲ್ಟಿನ ಡಿಸಿ ವಿತರಣೆಗೆಂದೇ ಐಎಸ್ 16711 ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಹೆಚ್ಚಿದರೆ ಮೈಗೆ ಅಪಾಯ, ಕಡಿಮೆಯಾದರೆ ತಂತಿಯಲ್ಲಿ ನಷ್ಟ. ಎರಡಕ್ಕೂ ನಡುವೆ ಈ 48 ಒಗ್ಗಿದ ಸಂಖ್ಯೆ.

ತಂತಿಯ ಗುಣದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು, ಏಕೆಂದರೆ ಮೋಸ ಇರುವುದು ಅಲ್ಲೇ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್‌ಗಳು ಹೊರಗೆ ತಾಮ್ರದ ಲೇಪ, ಒಳಗೆ ಅಲ್ಯುಮಿನಿಯಂ. ಸಿಸಿಎ ಎಂದು ಕರೆಯುವ ಇವನ್ನು ಯಾವ ಕ್ಯಾಟ್-5ಇ ಮಾನದಂಡವೂ ಒಪ್ಪುವುದಿಲ್ಲ. ಇಂಟರ್ನೆಟ್ಟು ಇದರಲ್ಲಿ ಹೇಗೋ ನಡೆದುಹೋಗುತ್ತದೆ, ಅದಕ್ಕೇ ಯಾರ ಗಮನಕ್ಕೂ ಬಂದಿಲ್ಲ. ವಿದ್ಯುತ್ ಹರಿಸಿದಾಗ ಬಣ್ಣ ಬಯಲಾಗುತ್ತದೆ. ಇದರ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು, ಎಳೆ ಬೇಗ ಮುರಿಯುತ್ತದೆ, ಕನೆಕ್ಟರ್ ಹಿಡಿದ ಜಾಗದಲ್ಲಿ ಕಾಲಕ್ರಮೇಣ ಸಡಿಲವಾಗಿ ಬಿಸಿಯಾಗುತ್ತದೆ.

ಪತ್ತೆಹಚ್ಚುವುದು ಕಷ್ಟವಲ್ಲ. ಬ್ಲೇಡಿನಿಂದ ಎಳೆಯ ಮೈ ಕೆರೆದರೆ ಬೆಳ್ಳಗೆ ಹೊಳೆಯುವುದು ಅಲ್ಯುಮಿನಿಯಂ. ಗೋಡೆಯಲ್ಲಿ ಈಗಾಗಲೇ ಇರುವ ಕೇಬಲಾದರೆ ಮಲ್ಟಿಮೀಟರ್ ಬೇಕು. ಒಂದು ತುದಿಯಲ್ಲಿ ನೀಲಿ ಎಳೆಯನ್ನೂ ಅದರ ಜೊತೆಗಾರ ಬಿಳಿ-ನೀಲಿಯನ್ನೂ ಸುತ್ತಿ ಸೇರಿಸಿ, ಇನ್ನೊಂದು ತುದಿಯಲ್ಲಿ ರೋಧ ಅಳೆಯಿರಿ. ಮೀಟರಿನ ಕಡ್ಡಿಗಳ ಸ್ವಂತ ರೋಧ ಕಳೆದ ಮೇಲೆ ಪ್ರತಿ ಹತ್ತು ಮೀಟರಿಗೆ 1.7 ಓಮ್ ಆಸುಪಾಸು ಬಂದರೆ ತಾಮ್ರ. ಎರಡೂವರೆ ದಾಟಿದರೆ ಆ ಕೇಬಲನ್ನು ಗುಜರಿಗೆ ಕಳಿಸಿ, ಅದರ ಮೇಲೆ ಕನಿಕರ ಬೇಡ. ನಾಲ್ಕು ಜೋಡಿಗಳನ್ನೂ ಹೀಗೆ ಒಂದೊಂದಾಗಿ ಅಳೆಯಬೇಕು. ಮೂರು ಸರಿಯಿದ್ದು ಒಂದರಲ್ಲಿ ಮಾತ್ರ ಹೆಚ್ಚು ತೋರಿಸಿದರೆ ಎಲ್ಲೋ ನಡುವೆ ಕೈಯಲ್ಲಿ ತಿರುವಿ ಟೇಪು ಸುತ್ತಿದ ಜಾಯಿಂಟ್ ಇದೆ ಎಂದರ್ಥ.

ಜಾಯಿಂಟುಗಳ ವೈರಿ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ಒಸರುತ್ತವೆ. ಐರೋಲಿ, ವಾಶಿ, ಬೇಲಾಪುರದ ಕಡೆ ಖಾಡಿಯ ಉಪ್ಪುಗಾಳಿಯೂ ಸೇರುತ್ತದೆ. ಡಿಸಿ ವಿದ್ಯುತ್ ಇರುವ ಜಾಗಕ್ಕೆ ಉಪ್ಪುನೀರಿನ ತೇವ ತಗುಲಿದರೆ ಲೋಹ ಕರಗತೊಡಗುತ್ತದೆ. ಪ್ಲಸ್ ಕಡೆಯ ಪಿನ್ನು ಮೊದಲು ಹಸಿರುಗಟ್ಟಿ ಸವೆಯುತ್ತದೆ. ಎಸಿಯಲ್ಲಿ ದಿಕ್ಕು ಬದಲಾಗುತ್ತಲೇ ಇರುವುದರಿಂದ ಇದು ಇಷ್ಟು ಬೇಗ ಆಗುವುದಿಲ್ಲ. ಹಾಗಾಗಿ ಕನೆಕ್ಟರುಗಳು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರಲಿ, ಕೇಬಲ್ ಡಬ್ಬಿಯನ್ನು ಕೆಳಗಿನಿಂದ ಪ್ರವೇಶಿಸಲಿ, ಬಿಸಿಲು ಮಳೆಗೆ ಒಡ್ಡಿದ ಭಾಗದಲ್ಲಿ ಹೊರಾಂಗಣದ ಕಪ್ಪು ಹೊದಿಕೆಯ ಕೇಬಲೇ ಇರಲಿ. ಮನೆಯೊಳಗಿನ ಬೂದು ಪಿವಿಸಿ ಹೊದಿಕೆ ಕೆಲವು ಬೇಸಗೆಗಳಲ್ಲೇ ಬಿರಿಯುತ್ತದೆ. ಹೋಟೆಲಿನ ಅಡುಗೆಮನೆಯ ಹಬೆ, ಎಣ್ಣೆಯ ಜಿಡ್ಡು ಕೂಡ ಇಷ್ಟೇ ಕೆಡುಕು ಮಾಡುತ್ತವೆ. ನಮ್ಮ ಹೋಟೆಲಿನವರು ಸ್ವಿಚ್ಚನ್ನು ಗಲ್ಲಾದ ಕಡೆ ಇಟ್ಟುಕೊಳ್ಳುವುದು ಲೇಸು.

230 ವೋಲ್ಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಲ್ಯಾನ್ ಕೇಬಲ್ ಹಾಯಿಸಬಾರದು. ಒಂದರ ಹೊದಿಕೆ ಕೆಟ್ಟರೆ ಸುರಕ್ಷಿತವೆಂದು ಮುಟ್ಟಿದ ತಂತಿಯೇ ಜೀವ ತೆಗೆದೀತು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತೆರೆದ ಆಕಾಶದಲ್ಲಿ ತಾಮ್ರದ ತಂತಿ ಎಳೆಯುವುದೂ ಬೇಡ, ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಸಾಲಾಗಿ ಎಲ್ಲ ಸಾಧನಗಳು ಸುಡುತ್ತವೆ. ಎರಡು ವಿಂಗ್‌ಗಳಿದ್ದರೆ ಎರಡು ಸ್ವಿಚ್ ಇಡಿ. ಎತ್ತರದ ಕಟ್ಟಡಗಳಲ್ಲಿ ಬೆಂಕಿ ಸುರಕ್ಷತೆಯ ಕಾನೂನಿನಂತೆ ಇರಲೇಬೇಕಾದ ತುರ್ತು ದೀಪ, ಎಕ್ಸಿಟ್ ಫಲಕಗಳ ಜಾಗಕ್ಕೆ ಇದನ್ನು ತರುವಂತಿಲ್ಲ. ಅದು ಪರವಾನಗಿ ಪಡೆದ ಏಜೆನ್ಸಿಯ ಕೆಲಸ, ಅವು ಹಾಗೇ ಇರಲಿ. ಇದು ಅವುಗಳ ಜೊತೆಗೆ ಬರುವ ಹೆಚ್ಚಿನ ಬೆಳಕು.

ವಿದ್ಯುತ್ ಬಿಲ್ಲು ಇಳಿಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬುವ ಮೊದಲು ವಿಚಾರಿಸಿ. ಎಸಿಯನ್ನು 48 ವೋಲ್ಟ್ ಡಿಸಿ ಮಾಡುವಲ್ಲಿ ಒಂದಿಷ್ಟು ನಷ್ಟ, ಸ್ಪ್ಲಿಟರಿನಲ್ಲಿ 12ಕ್ಕೆ ಇಳಿಸುವಲ್ಲಿ ಇನ್ನೊಂದಿಷ್ಟು, ಸ್ವಿಚ್ ಹಗಲೂ ರಾತ್ರಿ ತಿನ್ನುವುದು ಮತ್ತಷ್ಟು. ಒಳ್ಳೆಯ 9 ವ್ಯಾಟ್ ಬಲ್ಬಿಗೆ ಹೋಲಿಸಿದರೆ ಉಳಿತಾಯ ಎನ್ನುವಂಥದ್ದೇನೂ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ದಿ ಎಡ್ಜ್ ಎಂಬ ಕಚೇರಿ ಕಟ್ಟಡದಲ್ಲಿ ಫಿಲಿಪ್ಸ್ ಕಂಪನಿ ಆರು ಸಾವಿರಕ್ಕೂ ಹೆಚ್ಚು ದೀಪಗಳನ್ನು ಲ್ಯಾನ್ ಕೇಬಲಿಗೆ ಜೋಡಿಸಿತು. ಅಲ್ಲಿ ಉಳಿತಾಯವಾದದ್ದು ತಂತಿಯಿಂದ ಅಲ್ಲ. ಎಷ್ಟೋ ದೀಪಗಳಲ್ಲಿ ಜನ ಇದ್ದಾರೋ ಇಲ್ಲವೋ ನೋಡುವ ಸಂವೇದಕ ಇತ್ತು, ಯಾರೂ ಇಲ್ಲದ ಕಡೆ ದೀಪ ತಾನೇ ಕುಗ್ಗುತ್ತಿತ್ತು. ನಮ್ಮ ಮೆಟ್ಟಿಲಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಕರೆಂಟ್ ಹೋದಾಗ ಬೆಳಕು, ಮುಟ್ಟಿದರೆ ಹೊಡೆಯದ ತಂತಿ, ಬಿಸಾಡಲಿದ್ದ ತಾಮ್ರಕ್ಕೆ ಕೆಲಸ, ಇವಿಷ್ಟು ನನಗೆ ಸಾಕಾದ ಕಾರಣಗಳು.

ಹೊಸ ಕಟ್ಟಡಕ್ಕೆ ಹೋಗುವವರಿಗೂ ಒಂದು ಮಾತು. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಕಲ್ಯಾಣ-ಶೀಳ್ ರಸ್ತೆಯ ಎರಡೂ ಬದಿಯಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಬಿಲ್ಡರ್ ಪ್ರತಿ ಮಹಡಿಗೂ ಡಕ್ಟ್ ಕೊಟ್ಟಿರುತ್ತಾನೆ. ಸೊಸೈಟಿ ಕೈಗೆ ಬಂದ ಮೊದಲ ವರ್ಷದಲ್ಲೇ ಪ್ರತಿ ಮಹಡಿಗೆ ಎರಡು ಅಪ್ಪಟ ತಾಮ್ರದ ಕ್ಯಾಟ್-6 ಕೇಬಲ್ ಎಳೆಸಿಟ್ಟುಕೊಂಡರೆ ಮುಂದೆ ಕ್ಯಾಮೆರಾ, ದೀಪ, ವೈಫೈ ಯಾವುದಕ್ಕೂ ಗೋಡೆ ಒಡೆಯಬೇಕಿಲ್ಲ. ಕ್ಯಾಟ್-6ರ ಎಳೆ ಸ್ವಲ್ಪ ದಪ್ಪವಿರುವುದರಿಂದ ವಿದ್ಯುತ್ತಿಗೂ ಒಳ್ಳೆಯದು. ಎಳೆಯುವಾಗ ಉದ್ದ 100 ಮೀಟರ್ ಮೀರದಂತೆ ನೋಡಿಕೊಳ್ಳಿ. ನೂರು ಕೇಬಲ್‌ಗಳನ್ನು ಒಂದೇ ಕಟ್ಟಾಗಿ ಬಿಗಿದರೆ ನಡುವಿನವು ಬಿಸಿಯಾಗುತ್ತವೆ, ಸಣ್ಣ ಸಣ್ಣ ಕಟ್ಟುಗಳಾಗಿ ಸಡಿಲವಾಗಿ ಬಿಡಿ.

ಸಹಕಾರಿ ಗೃಹನಿರ್ಮಾಣ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಬಣ್ಣ, ಜಲನಿರೋಧಕ, ಲಿಫ್ಟ್ ಎಂದು ಅಲ್ಲಿ ಲಕ್ಷಗಳ ಮಾತು ನಡೆಯುತ್ತದೆ. ಈ ವರ್ಷ ನಿಮ್ಮ ಸಭೆಯಲ್ಲಿ ಎದ್ದು ನಿಂತು ಒಂದೇ ಒಂದು ವಿಷಯ ಕೇಳಿ: ಮೆಟ್ಟಿಲ ಬದಿಯ ಹಳೆಯ ಲ್ಯಾನ್ ಕೇಬಲ್‌ಗಳನ್ನು ಕತ್ತರಿಸುವ ಮುನ್ನ, ಯಾರ ಹೆಸರಿನವು ಎಂದು ಕೇಬಲ್‌ವಾಲಾನ ಬಳಿ ವಿಚಾರಿಸಿ, ಮೀಟರ್ ಹಿಡಿದು ಒಮ್ಮೆ ಅಳೆಸಬೇಕು. ಬಲ್ಲ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ ಅದು. ತಾಮ್ರದ್ದೆಂದು ಗೊತ್ತಾದರೆ ಮೊದಲು ಒಂದು ವಿಂಗಿನ ಮೆಟ್ಟಿಲಿಗೆ ದೀಪ ಹಾಕಿಸಿ, ಒಂದು ಮಳೆಗಾಲ ನೋಡಿ, ಸರಿಹೋದರೆ ಉಳಿದವಕ್ಕೂ ಮಾಡಿಸಿ.